ಡೈಮಂಡ್ ಬಾರಿನ ಒಂಟೆ

ಕೈಯಲ್ಲಿ ಕಲೆ ಇದ್ದವರು ಸುಮ್ಮನೆ ಮನೆಯಲ್ಲಿರುತ್ತಾರೆ, ಇಲ್ಲದವರು ಗ್ಯಾರೇಜಿನಲ್ಲಿರುತ್ತಾರೆ. ಈ ಮಾತು ಏಕನಾಥನನ್ನು ನೋಡಿ ಹುಟ್ಟಿತೋ, ಈ ಮಾತನ್ನು ನಿಜ ಮಾಡಲೆಂದೇ ಏಕನಾಥ ಹುಟ್ಟಿದನೋ, ಹೇಳುವುದು ಕಷ್ಟ. ಲಾಸ್ ಏಂಜಲಿಸ್‌ನಿಂದ ಪೂರ್ವಕ್ಕೆ, ಗುಡ್ಡದ ಮೈಮೇಲೆ ಹಬ್ಬಿದ ಡೈಮಂಡ್ ಬಾರಿನಲ್ಲಿ ಅವನ ಮನೆ. ಕೆಲಸ ನೀರಿನ ಪೈಪುಗಳ ಎಂಜಿನಿಯರಿಕೆ. ಪೈಪು ಸಂಬಳ ಕೊಡುತ್ತಿತ್ತು, ಗ್ಯಾರೇಜು ಸುಖ ಕೊಡುತ್ತಿತ್ತು. ಅಲ್ಲಿ ಅವನು ಮಾಡಿದ ಹಕ್ಕಿಗೂಡಿಗೆ ಇವತ್ತಿನವರೆಗೆ ಒಂದು ಹಕ್ಕಿಯೂ ಕಾಲಿಟ್ಟಿಲ್ಲ. ಅವನು ಮಾಡಿದ ಚಪ್ಪಲಿ ಸ್ಟ್ಯಾಂಡು ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತದೆ. ಕೇಳಿದರೆ, ಅದರ ಡಿಸೈನೇ ಹಂಗ ಐತಿ ಅನ್ನುತ್ತಾನೆ.

ಹೆಂಡತಿ ನೀಲಾ ಹಾಗಲ್ಲ. ಹಳೇ ಸೀರೆಯ ಜೊತೆಗೆ ಗಂಡನ ಆಫೀಸಿನವರು ಬಿಟ್ಟಿ ಕೊಟ್ಟ ಟೀ ಶರ್ಟುಗಳನ್ನು ಸೇರಿಸಿ ಅವಳು ಕೌದಿ ಹೊಲಿದರೆ, ಉಡುಗೊರೆ ಪಡೆದವರು ಅದನ್ನು ಹೊದ್ದುಕೊಳ್ಳದೆ ಗೋಡೆಗೆ ತೂಗುಹಾಕುತ್ತಿದ್ದರು. ಇಬ್ಬರೂ ಗದಗಿನ ಕಡೆಯವರು. ಶನಿವಾರ ಬಂತೆಂದರೆ ಬೇರೆ ಮನೆಯವರು ಮಾಲಿಗೆ ಹೋಗುತ್ತಾರೆ. ಇವರು ಗ್ಯಾರೇಜಿನ ಬಾಗಿಲು ಎತ್ತಿ, ಒಬ್ಬರು ಗರಗಸ, ಒಬ್ಬರು ಕತ್ತರಿ ಹಿಡಿದು ಕೂರುತ್ತಿದ್ದರು. ಜಗಳ ಅಲ್ಲೇ, ರಾಜಿ ಅಲ್ಲೇ, ಚಹಾನೂ ಅಲ್ಲೇ.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಏಕನಾಥ ಹಿತ್ತಿಲ ಬೇಲಿಯ ಆಚೆ ಒಂದು ಕಂಬ ನೆಡಲು ಗುಂಡಿ ತೋಡಿದ. ಕಂಬ ನೆಟ್ಟಗೆ ನಿಲ್ಲಲಿಲ್ಲ, ಅದು ಬೇರೆ ವಿಷಯ. ಆದರೆ ಗುಂಡಿಯಲ್ಲಿ ಒಳ್ಳೇ ಜಿಗುಟು ಮಣ್ಣು ಸಿಕ್ಕಿತು. ಹಿಡಿ ಮಣ್ಣು ಹಿಡಿದುಕೊಂಡು ಅವನು ಅಡುಗೆಮನೆಗೆ ಓಡಿದ. ನೀಲಾ ಅದನ್ನು ಬೆರಳಲ್ಲಿ ತಿಕ್ಕಿ, ನೀರು ಚಿಮುಕಿಸಿ, ಉಂಡೆ ಮಾಡಿ ನೋಡಿ, ನಮ್ಮ ಎರಿಮಣ್ಣು ಇದ್ದಂಗ ಐತಲ್ರೀ ಅಂದಳು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು. ಕಾರಹುಣ್ಣಿಮೆ ಮುಗಿದ ಮೇಲೆ ಬರುವ ಆ ಅಮಾವಾಸ್ಯೆಗೆ ಅವರ ಕಡೆ ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಕೂರಿಸಿ, ಹೋಳಿಗೆ ಎಡೆ ಹಿಡಿದು ಪೂಜೆ ಮಾಡುತ್ತಾರೆ. ಎತ್ತು ಅಂದರೆ ಅವತ್ತು ಎತ್ತಲ್ಲ, ಬಸವಣ್ಣ. ಅಮೆರಿಕಕ್ಕೆ ಬಂದ ಮೇಲೆ ಇಬ್ಬರೂ ಆ ಹಬ್ಬವನ್ನು ಮರೆತೇಬಿಟ್ಟಿದ್ದರು. ಈಗ ಮಣ್ಣೇ ಹಿತ್ತಿಲಿಗೆ ಬಂದು ನೆನಪು ಮಾಡಿತು.

ಜೋಡಿಯಲ್ಲಿ ಒಂದನ್ನು ಅವಳು ಮಾಡಿದಳು, ಒಂದನ್ನು ಅವನು ಮಾಡಿದ. ನೀಲಾಳ ಎತ್ತು ಈಗ ಗುಟುರು ಹಾಕೀತು ಅನ್ನುವ ಹಾಗಿತ್ತು. ಏಕನಾಥನ ಎತ್ತಿನ ಕತ್ತು ಯಾಕೋ ಮೇಲಕ್ಕೆ ಹೋಯಿತು. ಅದಕ್ಕೆ ಸರಿಹೋಗಲೆಂದು ಡುಬ್ಬ ಎತ್ತರಿಸಿದ, ಅದರ ಭಾರ ತಡೆಯಲೆಂದು ಕಾಲು ದಪ್ಪ ಮಾಡಿದ. ಕೋಡು ಒಣಗಿ ಬಿದ್ದುಹೋದವು. ನೀಲಾಳ ತವರಿನಲ್ಲಿ ಎತ್ತಿನ ಕಣ್ಣಿಗೆ ಬಿಳಿಜೋಳದ ಕಾಳು ಒತ್ತುವ ಪದ್ಧತಿ. ಬೇರೆಯವರು ಗುಲಗಂಜಿ ಒತ್ತುತ್ತಾರೆ, ಇವರದು ಜೋಳ. ಅವಳ ಅವ್ವ ಊರಿಂದ ಡಬ್ಬಿ ತುಂಬಿ ಕಳಿಸಿದ ಜೋಳದಿಂದ ಕಾಳು ಆರಿಸಿ ಎರಡೂ ಎತ್ತಿಗೆ ಕಣ್ಣು ಇಟ್ಟಳು. ಇಟ್ಟವಳು ಸುಮ್ಮನಿರಬಾರದೆ?

“ನಿಮ್ಮದು ಒಂಟಿ ಆಗೇತಲ್ರೀ,” ಅಂದಳು. ಒಂಟೆಗೆ ಅವರ ಕಡೆ ಒಂಟಿ ಅನ್ನುತ್ತಾರೆ.

ಏಕನಾಥ ಹೋಳಿಗೆ ತಿನ್ನುವಾಗಲೂ ಮುಖ ಬಿಗಿದುಕೊಂಡೇ ಇದ್ದ. ಮತ್ತೆರಡು ಹೋಳಿಗೆ ಕೇಳಿದ್ದು ಹೌದು, ಆದರೆ ಮುಖ ಬಿಗಿದುಕೊಂಡೇ ಕೇಳಿದ.

ಪೂಜೆಯಾದ ಮೇಲೆ ಊರಲ್ಲಾದರೆ ಎತ್ತುಗಳನ್ನು ಬಾವಿಗೋ ಹಳ್ಳಕ್ಕೋ ಬಿಡುತ್ತಿದ್ದರು. ಬಡಾವಣೆಯ ಈಜುಕೊಳಕ್ಕೆ ಬಿಡೋಣವೆಂದು ಏಕನಾಥ ಅಂದದ್ದಕ್ಕೆ, ಬಸವಣ್ಣನ್ನ ಕ್ಲೋರಿನ್ ನೀರಿಗೆ ಬಿಡತೀರೇನು ಎಂದು ನೀಲಾ ಗದರಿದಳು. ಕೊನೆಗೆ ಮಣ್ಣಿಂದ ಬಂದದ್ದು ಮಣ್ಣಿಗೆ ಹೋಗಲಿ ಎಂದು ಅದೇ ಗುಂಡಿಯಲ್ಲಿ ಇಟ್ಟು, ಕುಂಕುಮ ಹಾಕಿ, ಮುಚ್ಚಿದರು. ಮಳೆ ಬಂದರೆ ಕರಗಿ ಮಣ್ಣಾಗುತ್ತವೆ ಅಂದುಕೊಂಡರು. ಆದರೆ ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಮಳೆ ಅನ್ನುವುದು ಟಿವಿಯಲ್ಲಿ ಮಾತ್ರ ಬಂತು.

ಮಾರನೇ ವರ್ಷದ ಮೇ ತಿಂಗಳಲ್ಲಿ ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚಿನಲ್ಲಿ ಗೆಳತಿ ವೈಶಾಲಿಯ ಮನೆಯಲ್ಲಿ ಊಟ ಇತ್ತು. ಕನ್ನಡದವರೇ ಸೇರಿದ್ದರು. ಮಕ್ಕಳಿಗೆ ಮಣ್ಣೆತ್ತು ಮಾಡಿಸಬೇಕು, ಕ್ರಾಫ್ಟ್ ಅಂಗಡಿಯಿಂದ ಮಣ್ಣು ತಂದರಾಯಿತು ಎಂದು ವೈಶಾಲಿ ಹೇಳುತ್ತಿದ್ದಳು. ಏಕನಾಥ ಸುಮ್ಮನೆ ಬದನೆಕಾಯಿ ಎಣ್ಣೆಗಾಯಿ ತಿನ್ನಬಹುದಿತ್ತು. ತಿನ್ನಲಿಲ್ಲ. ಅಂಗಡಿ ಮಣ್ಣಿನ ಎತ್ತು ಎತ್ತೇ ಅಲ್ಲವೆಂದ. ನಾವು ನಿಂತ ನೆಲದ ಮಣ್ಣೇ ಆಗಬೇಕೆಂದ. ತಮ್ಮ ಮನೆತನದಲ್ಲಿ ತಲೆತಲಾಂತರದಿಂದ ಕೈಯಾರೆ ಮಾಡುತ್ತಾ ಬಂದಿದ್ದೇವೆಂದೂ ಸೇರಿಸಿದ. ಅವರ ಮನೆಯವರು ಪ್ರತಿವರ್ಷ ಸಂತೆಯಿಂದ ಕೊಂಡು ತರುತ್ತಿದ್ದರೆಂಬುದು ನೀಲಾಳಿಗೆ ಗೊತ್ತು. ಗಂಡನ ಮರ್ಯಾದೆಯ ಪ್ರಶ್ನೆ, ಅವಳು ಮೊಸರನ್ನದ ಕಡೆ ನೋಡಿದಳು. ವೈಶಾಲಿ ಆ ಮಾತನ್ನು ಅಲ್ಲೇ ಹಿಡಿದುಕೊಂಡಳು: ಹಾಗಾದರೆ ಮಕ್ಕಳ ಶಿಬಿರ ನಡೆಸಿಕೊಡುವುದು ನೀವೇ, ಮಣ್ಣು ತರುವುದೂ ನೀವೇ. ಮನೆಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲರ ಫೋನಿಗೆ ಆಹ್ವಾನ ಬಂದಿತ್ತು. ಅದರಲ್ಲಿ “ಮಣ್ಣೆತ್ತಿನ ಕಲಾವಿದ ಏಕನಾಥ್ ಅವರಿಂದ” ಎಂದು ಬರೆದಿತ್ತು. ಕಲಾವಿದ ಎಂಬ ಶಬ್ದವನ್ನು ಅವನು ಬಾತ್‌ರೂಮಿಗೆ ಹೋಗಿ ಮತ್ತೊಮ್ಮೆ ಓದಿಕೊಂಡ.

ಅದೇ ವಾರ ಊರಿಂದ ನೀಲಾಳ ಅವ್ವ ಶಿವಕ್ಕ ಬಂದರು. ಅಳಿಯನ ಬಗ್ಗೆ ಅವರಿಗೆ ಪ್ರೀತಿ ಇತ್ತು, ಆದರೆ ಅವನ ಕೈಕೆಲಸವನ್ನು ಹೊಗಳಿದ ದಾಖಲೆ ಇರಲಿಲ್ಲ. ಬಾಗಿಲಲ್ಲೇ ನಿಂತು ಚಪ್ಪಲಿ ಸ್ಟ್ಯಾಂಡು ನೋಡಿ, ಇದನ್ನ ಯಾರು ಕೆಡವ್ಯಾರ ಎಂದು ಕೇಳಿದರು.

ಇನ್ನು ಬರ. ನೀರಿಲ್ಲ, ಹುಲ್ಲು ಕೀಳಿ, ಕಳ್ಳಿ ನೆಡಿ ಎಂದು ಸರ್ಕಾರದಿಂದ ಎಲ್ಲರಿಗೂ ಸೂಚನೆ ಬಂತು. ಬಡಾವಣೆಯ ಸಂಘಕ್ಕೆ ಅಲ್ಲಿ ಎಚ್‌ಒಎ ಅನ್ನುತ್ತಾರೆ. ನಿಮ್ಮ ಮನೆ ನಿಮ್ಮದೇ, ಆದರೆ ಅದಕ್ಕೆ ಯಾವ ಬಣ್ಣ ಬಳಿಯಬೇಕೆಂದು ಹೇಳುವವರು ಅವರು. ಬೇಲಿಯ ಆಚೆಯ ಇಳಿಜಾರೂ ಅವರದೇ. ಅಲ್ಲಿಂದ ಹಿಡಿ ಮಣ್ಣು ತೆಗೆಯಲೂ ಒಪ್ಪಿಗೆ ಬೇಕು, ಏಕನಾಥ ತೆಗೆದುಕೊಂಡಿರಲಿಲ್ಲ. ಎಚ್‌ಒಎ ಕಳಿಸಿದ ಆಳುಗಳು ಕಳ್ಳಿ ನೆಡಲು ಅಗೆದರು. ಮೊದಲ ಏಟಿಗೆ ನೀಲಾಳ ಎತ್ತು ಪುಡಿಪುಡಿಯಾಯಿತು. ಎರಡನೇ ಏಟು ಏಕನಾಥನ ಎತ್ತಿಗೆ ಬಿತ್ತು; ಸಲಿಕೆ ಠಣ್ಣೆಂದಿತು, ಎತ್ತಿಗೆ ಏನೂ ಆಗಲಿಲ್ಲ.

ಸಂಜೆ ಬಾಗಿಲು ಬಡಿದವರು ಪಕ್ಕದ ಮನೆಯ ಹೆರಾಲ್ಡ್. ನಿವೃತ್ತ ದಂತವೈದ್ಯರು, ಎಚ್‌ಒಎದ ಇಳಿಜಾರು ಸಮಿತಿಗೆ ಅಧ್ಯಕ್ಷರು. ಹೆಂಡತಿ ತೀರಿಕೊಂಡ ಮೇಲೆ ಹಳೇ ಮೂಳೆ, ಕಲ್ಲು, ಪಳೆಯುಳಿಕೆ ಅಂತ ಪುಸ್ತಕ ಓದಿಕೊಂಡು ಒಬ್ಬರೇ ಇದ್ದರು. ಕೈಯಲ್ಲಿ ಶೂ ಡಬ್ಬಿ, ಡಬ್ಬಿಯಲ್ಲಿ ಹತ್ತಿ, ಹತ್ತಿಯ ಮೇಲೆ ಅದು. ಏಕನಾಥ ನೋಡಿದ ತಕ್ಷಣ ಗುರುತು ಹಿಡಿದ. ಹೆತ್ತ ಕರುಳಲ್ಲವೇ. ಇದು ನನ್ನದೇ ಎಂದು ಹೇಳಲು ಬಾಯಿಯನ್ನೂ ತೆರೆದ.

ಅಷ್ಟರಲ್ಲಿ ಹೆರಾಲ್ಡ್ ಪಿಸುಗುಟ್ಟಿದರು: “ಇದು ಒಂಟೆ.”

ತೆರೆದ ಬಾಯಿ ಮುಚ್ಚಿಕೊಂಡಿತು. ಹಿಮಯುಗದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂಟೆಗಳಿದ್ದವು, ಆಮೇಲೆ ಅಳಿದುಹೋದವು ಎಂದು ಹೆರಾಲ್ಡ್ ವಿವರಿಸಿದರು. ಅಂದರೆ ಈ ಗೊಂಬೆ ಮಾಡಿದವನು ಒಂಟೆಯನ್ನು ಕಣ್ಣಾರೆ ಕಂಡಿರಬೇಕು. ಏಕನಾಥನಿಗೆ ಕೇಳಿಸಿದ್ದು ಒಂದೇ ಶಬ್ದ. ಈಗ ಇದು ನನ್ನ ಎತ್ತು ಅಂದರೆ, ಹೋದ ವರ್ಷ ನೀಲಾ ಅಂದದ್ದಕ್ಕೆ ಇಡೀ ಡೈಮಂಡ್ ಬಾರು ಸಹಿ ಹಾಕಿದ ಹಾಗಾಗುತ್ತದೆ. ಕಲಾವಿದನಾದವನು ಅದನ್ನು ಹೇಗೆ ಸಹಿಸಬೇಕು? ಬಹಳ ಚೆನ್ನಾಗಿದೆ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ಬೆಳಗಾಗುವಷ್ಟರಲ್ಲಿ ಇಳಿಜಾರಿನ ಸುತ್ತ ಹಳದಿ ಪಟ್ಟಿ ಬಂದಿತ್ತು. ಯಾರೂ ಕಾಲಿಡಕೂಡದು, ಒಂದು ಹಿಡಿ ಮಣ್ಣೂ ಅಲುಗಾಡಕೂಡದು. ಎಚ್‌ಒಎ ಕಳಿಸಿದ ಫೋಟೋವನ್ನು ನೀಲಾ ಫೋನಿನಲ್ಲಿ ನೋಡಿದಳು. ನೋಡಿ, ಅಡುಗೆಮನೆಯ ನೆಲದ ಮೇಲೇ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ಮುಗಿದ ಮೇಲೆ, ಈಗಲೇ ಹೋಗಿ ಹೇಳಿಬರ್ರಿ, ಪಾಪ ಮುದುಕರು, ಅಂದಳು. ನಾಳೆ ಹೇಳುತ್ತೇನೆಂದ. ಅತ್ತೆಗೆ ಮಾತ್ರ ಹೇಳಬೇಡ ಎಂದು ಗೋಗರೆದ.

ನಾಳೆ ಬಂತು, ಜೊತೆಗೆ ವೈಶಾಲಿಯ ಫೋನೂ ಬಂತು. ಮಕ್ಕಳ ಸಂಖ್ಯೆ ಏರುತ್ತಿದೆ, ಅರ್ವೈನ್‌ನಿಂದಲೂ ಬರುತ್ತಾರಂತೆ, ಮಣ್ಣು ಜಾಸ್ತಿ ತನ್ನಿ ಅಂದಳು. ಏಕನಾಥ ತರುತ್ತೇನೆಂದ. ನೀಲಾ ಮೆಲ್ಲಗೆ, ಅಂಗಡಿ ಮಣ್ಣು ತರೋಣೇನ್ರೀ ಅಂದಳು. ಅಂಗಡಿ ಮಣ್ಣು ತಂದರೆ, ಅಂದು ಎಣ್ಣೆಗಾಯಿ ಬಿಟ್ಟು ಆಡಿದ ಮಾತೆಲ್ಲ ಅದೇ ಜನರ ಮುಂದೆ ನುಂಗಬೇಕು. ಗುಡ್ಡದ ಮಣ್ಣು ತರಬೇಕೆಂದರೆ ಪಟ್ಟಿ ಬಿಚ್ಚಬೇಕು, ಪಟ್ಟಿ ಬಿಚ್ಚಬೇಕೆಂದರೆ ಒಂಟೆ ತನ್ನದೆಂದು ಒಪ್ಪಬೇಕು. ಅತ್ತ ದರಿ ಇತ್ತ ಪುಲಿ ಅನ್ನುತ್ತಾರಲ್ಲ, ಇಲ್ಲಿ ಅತ್ತ ವೈಶಾಲಿ, ಇತ್ತ ಒಂಟೆ.

ಕಡೆಗೊಂದು ಬೆಳಗ್ಗೆ ಧೈರ್ಯ ಮಾಡಿ ಬಕೆಟ್ ಹಿಡಿದು ಬೇಲಿ ದಾಟಿದ. ಅಲ್ಲಿ ಹೆರಾಲ್ಡ್, ಮಡಚುವ ಕುರ್ಚಿ ಹಾಕಿಕೊಂಡು, ಕೊಡೆ ನೆಟ್ಟುಕೊಂಡು, ಕಾವಲು ಕುಳಿತಿದ್ದರು. ಬಕೆಟ್ ನೋಡಿ ಅವರ ಕಣ್ಣು ತುಂಬಿತು. ಇವನು ಕೂರಲಿಕ್ಕೆ ಬಕೆಟ್ ತಂದಿದ್ದಾನೆ, ಕಾವಲಿಗೆ ಜೊತೆಯಾಗಲು ಬಂದಿದ್ದಾನೆ ಎಂದುಕೊಂಡರು. ಏಕನಾಥ ಬಕೆಟ್ ಬೋರಲು ಹಾಕಿ ಕುಳಿತ. ಬೇರೆ ಏನು ಮಾಡಬೇಕಿತ್ತು?

ಹೆರಾಲ್ಡ್ ಮಾತಾಡುತ್ತಾ ಹೋದರು. ಜೀವನವೆಲ್ಲ ಬೇರೆಯವರ ಬಾಯೊಳಗೆ ನೋಡಿದೆ, ಬಾಯಿ ತೆರೆದವರೆಲ್ಲ ಅಳುಮುಖ ಮಾಡಿಕೊಂಡೇ ಹೋದರು ಎಂದರು. ಈಗ ಜನ ತಾವಾಗಿಯೇ ಬಾಗಿಲು ತಟ್ಟಿ ಬರುತ್ತಿದ್ದಾರೆ, ನಗುತ್ತಿದ್ದಾರೆ, ಹಲ್ಲು ತೋರಿಸುತ್ತಿದ್ದಾರೆ. ಎದುರುಮನೆಯ ಮಿಸೆಸ್ ಚೆನ್ ಒಂಟೆ ನೋಡಲು ಬಂದು ಕಿತ್ತಳೆಹಣ್ಣು ಕೊಟ್ಟು ಹೋದಳಂತೆ. ಕಾಲೇಜಿನ ಪ್ರೊಫೆಸರೊಬ್ಬರು ನೋಡಲು ಬರಲಿದ್ದಾರಂತೆ. ಮಣ್ಣು ಬಿರುಕು ಬಿಡದಿರಲೆಂದು ಹೆರಾಲ್ಡ್ ಒಂಟೆಗೆ ಒದ್ದೆ ಬಟ್ಟೆ ಸುತ್ತಿ, ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದರು. ಇಷ್ಟು ಕೇಳಿದ ಮೇಲೆ ಏಕನಾಥನಿಗೆ ನಿಜಕ್ಕೂ ಸಂಕಟವಾಯಿತು. ಇಷ್ಟು ದಿನ ಹೇಳದಿದ್ದದ್ದು ಜಂಬಕ್ಕೆ, ಈಗ ಹೇಳಲಾಗದ್ದು ಕರುಣೆಗೆ. ಖಾಲಿ ಬಕೆಟ್ ಹಿಡಿದು ಮನೆಗೆ ಬಂದ. ಮುಂಜಾನೆದ್ದು ಎಲ್ಲಿ ಹೋಗಿದ್ದಿರಿ ಎಂದು ಶಿವಕ್ಕ ಕೇಳಿದ್ದಕ್ಕೆ, ವಾಕಿಂಗ್ ಎಂದ. ಬಕೆಟ್ ಹಿಡಿದು ವಾಕಿಂಗ್ ಹೋಗುವುದು ಆ ಹೆಂಗಸಿಗೆ ಊರಲ್ಲಿ ಚೆನ್ನಾಗಿ ಗೊತ್ತಿದ್ದ ವಿಷಯ, ಮುಂದೆ ಕೇಳಲಿಲ್ಲ.

ಪ್ರೊಫೆಸರ್ ಬಂದ ಭಾನುವಾರ ಬಡಾವಣೆಯ ಕ್ಲಬ್‌ಹೌಸ್ ತುಂಬಿತ್ತು. ನೀಲಾ ಚುರುಮುರಿ ಮಾಡಿಕೊಂಡು ಬಂದಿದ್ದಳು. ಮನೆಯಲ್ಲಿ ಒಬ್ಬರೇ ಯಾಕೆಂದು ಶಿವಕ್ಕನನ್ನೂ ಕರೆತಂದರು. ಏನಿದು ಕೂಟ ಎಂದು ಅವರು ಕೇಳಿದ್ದಕ್ಕೆ, ಏನೋ ಹಳೇ ಸಾಮಾನು ತೋರಿಸುತ್ತಾರಂತೆ ಎಂದು ಏಕನಾಥ ಹೇಳಿದ. ಹೆರಾಲ್ಡ್ ಟೈ ಕಟ್ಟಿದ್ದರು. ಪ್ರೊಫೆಸರ್ ಮಿತಮಾತಿನ ಹೆಂಗಸು, ಕೊರಳಲ್ಲಿ ಭೂತಗನ್ನಡಿ ತೂಗಾಡುತ್ತಿತ್ತು. ಹಿಮಯುಗ, ಮನುಷ್ಯ, ಒಂಟೆ ಎಂದು ಹೆರಾಲ್ಡ್ ಭಾಷಣ ಮಾಡಿದರು. ಮಾಡಿದವನ ಕೈ ಪಳಗಿದ್ದಲ್ಲ, ಬಹುಶಃ ಚಿಕ್ಕ ಮಗು ಇರಬೇಕು ಅಂದರು. ಏಕನಾಥ ಕುರ್ಚಿಯ ಅಂಚು ಹಿಡಿದುಕೊಂಡ. ನೀಲಾ ಅವನ ತೊಡೆಯ ಮೇಲೆ ಕೈ ಇಟ್ಟಳು. ಆಮೇಲೆ ಹೆರಾಲ್ಡ್ ಒದ್ದೆ ಬಟ್ಟೆಯನ್ನು ಒಂದೊಂದೇ ಸುತ್ತು ಬಿಚ್ಚಿದರು.

ಒಂಟೆಯ ಬಲಗಣ್ಣಿನಿಂದ ಒಂದು ಹಸಿರು ಮೊಳಕೆ ಎದ್ದು ನಿಂತಿತ್ತು.

ಮಿಸೆಸ್ ಚೆನ್ ಕುರ್ಚಿ ಹಿಂದೆ ಸರಿಸಿದಳು. ಪ್ರೊಫೆಸರ್ ಭೂತಗನ್ನಡಿ ಹಿಡಿದು ಬಗ್ಗಿದರು, ಎದ್ದರು, ಮತ್ತೆ ಬಗ್ಗಿದರು. ಹಿಮಯುಗದ ಬೀಜವೇ ಎಂದು ಹೆರಾಲ್ಡ್ ಕೇಳಿದರು. ದನಿಯಲ್ಲಿ ಆಸೆ ಇತ್ತು. ಆಗ ಹಿಂದಿನ ಸಾಲಿನಿಂದ ಶಿವಕ್ಕ ಎದ್ದರು. ಸೆರಗು ಸರಿಮಾಡಿಕೊಂಡು, ಎಲ್ಲರ ಮೊಣಕಾಲು ದಾಟಿಕೊಂಡು, ನೆಟ್ಟಗೆ ಮೇಜಿನ ಹತ್ತಿರ ಹೋಗಿ ಮೊಳಕೆಯ ಬುಡದ ಕಾಳನ್ನು ಇಣುಕಿ ನೋಡಿದರು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. ಎರಡೂ ಕೈ ಜೋಡಿಸಿದರು.

“ನಮ್ಮ ಬಸವಣ್ಣ,” ಅಂದರು. “ಇಲ್ಲಿಗೆ ಯಾವಾಗ ಬಂದ್ಯೋ ತಂದಿ.”

ಈಕೆ ಏನು ಹೇಳುತ್ತಿದ್ದಾರೆಂದು ಪ್ರೊಫೆಸರ್ ಕೇಳಿದರು. ಇಡೀ ಕ್ಲಬ್‌ಹೌಸ್ ಏಕನಾಥನ ಕಡೆ ತಿರುಗಿತು. ಏಕನಾಥ ಯಾರನ್ನೂ ನೋಡುತ್ತಿರಲಿಲ್ಲ. ಒಂದು ವರ್ಷದಿಂದ ಹೆಂಡತಿ ಒಂಟೆ ಅಂದಿದ್ದಳು, ಒಂದು ತಿಂಗಳಿಂದ ಊರೇ ಒಂಟೆ ಅಂದಿತ್ತು. ಯಾರೂ ಹೇಳಿಕೊಡದೆ, ನೋಡಿದ ಕೂಡಲೇ, ಕೈ ಮುಗಿದು ಬಸವಣ್ಣ ಅಂದವರು ಒಬ್ಬರೇ ಒಬ್ಬರು, ಅದೂ ಅವನ ಅತ್ತೆ. ಎದ್ದು ನಿಂತ.

“ಇದು ಎತ್ತು ಅಂತ ಹೇಳುತ್ತಿದ್ದಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದ. “ಸರಿಯಾಗೇ ಹೇಳುತ್ತಿದ್ದಾರೆ. ಮಾಡಿದವನು ನಾನು.”

ಆಮೇಲೆ ಎಲ್ಲ ಹೊರಗೆ ಬಂತು. ಅಮಾವಾಸ್ಯೆ, ಜೋಳದ ಕಣ್ಣು, ಗುಂಡಿ, ಕುಂಕುಮ, ಬಕೆಟ್. ಹೋದ ಜೂನಿನದೇ ಎಂದು ಹೆರಾಲ್ಡ್ ಕೇಳಿದರು, ಹೌದೆಂದ. ಹೆರಾಲ್ಡ್ ಕುಳಿತು ಟೈ ಸಡಿಲ ಮಾಡಿಕೊಂಡರು. ಏಕನಾಥ ಅವರ ಹತ್ತಿರ ಹೋದ. ತಪ್ಪಾಯಿತು, ಅವತ್ತೇ ಬಾಗಿಲಲ್ಲೇ ಹೇಳಬೇಕಿತ್ತು, ನಿಮ್ಮ ಸಂತೋಷ ನೋಡಿ ಆಮೇಲೆ ಬಾಯಿ ಬರಲಿಲ್ಲ ಅಂದ. ಎಚ್‌ಒಎ ಕಾರ್ಯದರ್ಶಿ ಎದ್ದು, ಒಪ್ಪಿಗೆಯಿಲ್ಲದೆ ಇಳಿಜಾರು ಅಗೆಯುವುದು ನಿಯಮದ ಪ್ರಕಾರ ಎಂದು ಶುರುಮಾಡಿದ. ಹೆರಾಲ್ಡ್ ಕೈಯೆತ್ತಿ ಅವನನ್ನು ಕೂರಿಸಿದರು. ಮೇಜಿನ ಮೇಲಿನದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

“ನೀನೇ ಮಾಡಿದ್ದು ಅಂತ ಒಪ್ಪುತ್ತೇನೆ, ಏಕ್,” ಅಂದರು. “ಆದರೆ ನೀನು ಮಾಡಿದ್ದು ಒಂಟೆ.”

ನೀಲಾ ಕುಳಿತಲ್ಲಿಂದಲೇ, ನಾನೂ ಅದನ್ನೇ ಹೇಳಿದ್ದೆ ಅಂದಳು. ಮೊದಲು ನಕ್ಕವರು ಪ್ರೊಫೆಸರ್, ಆಮೇಲೆ ಹೆರಾಲ್ಡೇ ನಕ್ಕರು, ಆಮೇಲೆ ಚುರುಮುರಿ ಖಾಲಿಯಾಯಿತು. ಹಳದಿ ಪಟ್ಟಿಯನ್ನು ಅವತ್ತು ಸಂಜೆ ಹೆರಾಲ್ಡ್ ತಾವೇ ಬಿಚ್ಚಿದರು. ಅಗೆಯುವುದಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಇಳಿಜಾರು ಸಮಿತಿಯ ಅಧ್ಯಕ್ಷರಿಗಿದೆ ಎಂದು ಆಗ ನೆನಪಾಯಿತು.

ಅಮಾವಾಸ್ಯೆಯ ಹಿಂದಿನ ಶನಿವಾರ ಗುಡ್ಡದ ಮಣ್ಣು ಹೆರಾಲ್ಡ್‌ರ ಪಿಕಪ್ಪಿನಲ್ಲಿ ಫೋರ್ ಎಸ್ ರ್ಯಾಂಚಿಗೆ ಹೋಯಿತು. ಏಕನಾಥ ಜುಬ್ಬಾ ಹಾಕಿಕೊಂಡು ಮಕ್ಕಳ ನಡುವೆ ನಿಂತು, ಮಣ್ಣು ಹದ ಮಾಡುವುದನ್ನು ತೋರಿಸಿದ, ಕಾಲು ನಿಲ್ಲಿಸುವುದನ್ನು ತೋರಿಸಿದ, ಕತ್ತು ಎಳೆಯುವುದನ್ನು ತೋರಿಸಿದ. ಮಕ್ಕಳು ಕಲಿತದ್ದನ್ನು ಹಾಗೇ ಮಾಡಿದರು. ಸಂಜೆಗೆ ವೈಶಾಲಿಯ ಹಿತ್ತಿಲಲ್ಲಿ ಮರುಭೂಮಿಯಲ್ಲಿ ಕಾಣುವಂಥ ಒಂದು ಸಾಲು ಒಣಗುತ್ತಿತ್ತು. ವೈಶಾಲಿ ನೋಡಿದಳು, ಏನೋ ಅನ್ನಲು ಹೋದಳು, ನೀಲಾ ಅವಳ ಕೈಯಲ್ಲಿ ಮೊಸರನ್ನದ ತಟ್ಟೆ ಇಟ್ಟಳು. ಹೆರಾಲ್ಡ್ ತಮ್ಮ ಹಳೇ ಹಲ್ಲಿನ ಉಪಕರಣ ತಂದು ಒಂದು ಎತ್ತು ಮಾಡಿದ್ದರು. ಅದಕ್ಕೆ ದವಡೆ ಹಲ್ಲುಗಳೂ ಇದ್ದವು. ಹಲ್ಲು ಬಿಡುವ ಬಸವಣ್ಣನ್ನ ಈಗ ನೋಡಿದೆ ಎಂದು ಶಿವಕ್ಕ ಅದಕ್ಕೂ ಕೈ ಮುಗಿದರು.

ವಾಪಸು ಬರುವಾಗ ಏಕನಾಥ ಕಾರು ಓಡಿಸುತ್ತಿದ್ದ. ಟೆಮೆಕ್ಯುಲಾ ದಾಟಿದ ಮೇಲೆ ಟ್ರಾಫಿಕ್ ಇಳಿಯಿತು, ಅವನ ಮನಸ್ಸು ತುಂಬಿತ್ತು. ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ಪ್ರಶ್ನೆಯನ್ನು ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ಕೇಳಿಯೇಬಿಟ್ಟ. ಇನ್ನೊಂದು ಸಲ ಆ ಮಾತು ಕೇಳುವ ಆಸೆ, ಮತ್ತೇನಿಲ್ಲ.

“ಅತ್ತೀ, ಅವತ್ತು ಅಷ್ಟು ಮಂದಿಯೊಳಗ ನೀವೊಬ್ರ ಗುರುತ ಹಿಡದ್ರಿ ನೋಡ್ರಿ, ಅದು ಬಸವಣ್ಣ ಅಂತ. ಹೆಂಗ ಗೊತ್ತಾತ್ರಿ?”

“ಎಲ್ಲಿದಪ್ಪಾ,” ಅಂದರು ಶಿವಕ್ಕ. “ನಾ ಗುರುತ ಹಿಡದದ್ದು ಜ್ವಾಳ. ಕಣ್ಣಾಗ ಜ್ವಾಳ ಐತಿ ಅಂದಮ್ಯಾಲ ಬಸವಣ್ಣನ ಇರಬೇಕು ಅಂತ ಕೈ ಮುಗದೆ. ಇಲ್ಲಾಂದ್ರ ನಾನೂ ಒಂಟಿ ಅಂತಿದ್ದೆ.”

ನೀಲಾ ಕಿಟಕಿಯ ಕಡೆ ತಿರುಗಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಏಕನಾಥ ತಿರುಗಬೇಕಾದ ಎಕ್ಸಿಟ್ ಬಿಟ್ಟು ಮುಂದೆ ಹೋದ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ಸುತ್ತು ಹಾಕಿ, ಸರಿಯಾದ ದಾರಿಗೆ ಬರುವಷ್ಟರಲ್ಲಿ ಅವನ ಮುಖ ಮೊದಲಿನಂತಾಗಿತ್ತು.

“ಹಂಗಾರ ಮುಂದಿನ ವರ್ಷ ಮೈತುಂಬ ಜ್ವಾಳ ಹಚ್ಚತೀನಿ,” ಅಂದ.

“ಹಚ್ಚರಿ,” ಅಂದರು ಶಿವಕ್ಕ. “ಬೆಳಿ ಬಂದ್ರ ನಾಕು ರೊಟ್ಟಿಯರ ಆದಾವು.”